ನಲವತ್ತು ರಾತ್ರಿ, ಒಂದೇ ಗಂಟಲು: ಏರೋಸ್ಮಿತ್ ವಿದಾಯ ತಿರುಗಾಟದ ಪ್ರಕರಣ

2023ರ ಸೆಪ್ಟೆಂಬರ್ 9, ಶನಿವಾರ. ನ್ಯೂಯಾರ್ಕ್ ನಗರದ ಅಂಚಿನಲ್ಲಿರುವ ಎಲ್ಮಾಂಟ್‌ನ ಯುಬಿಎಸ್ ಅರೀನಾದಲ್ಲಿ ಅಮೆರಿಕದ ರಾಕ್ ತಂಡ ಏರೋಸ್ಮಿತ್‌ನ ಕಾರ್ಯಕ್ರಮ. ‘ಪೀಸ್ ಔಟ್’ ಎಂದು ಹೆಸರಿಟ್ಟಿದ್ದ ವಿದಾಯ ತಿರುಗಾಟದ ಮೂರನೆಯ ರಾತ್ರಿ ಅದು. ಮೇ 1ರಂದು ಘೋಷಿಸಿದಾಗ ಪಟ್ಟಿಯಲ್ಲಿದ್ದದ್ದು 40 ಪ್ರದರ್ಶನ. ಮೊದಲನೆಯದು ಸೆಪ್ಟೆಂಬರ್ 2ರಂದು ಫಿಲಡೆಲ್ಫಿಯಾದಲ್ಲಿ ಆಗಿತ್ತು. ಎಲ್ಮಾಂಟ್‌ನಲ್ಲಿ ಹಾಡುತ್ತಿದ್ದಾಗ ಗಾಯಕ ಸ್ಟೀವನ್ ಟೈಲರ್ ಅವರ ಧ್ವನಿತಂತುವಿಗೆ ಪೆಟ್ಟು ಬಿದ್ದು ರಕ್ತಸ್ರಾವವಾಯಿತು. ಮೂರಕ್ಕೆ ನಿಂತ ಆ ತಿರುಗಾಟ ಮತ್ತೆ ಹೊರಡಲೇ ಇಲ್ಲ. ಹನ್ನೊಂದು ತಿಂಗಳು ಕಾದ ಮೇಲೆ, 2024ರ ಆಗಸ್ಟ್ 2ರಂದು, ಇನ್ನು ಮುಂದೆ ತಿರುಗಾಟವೇ ಇಲ್ಲ ಎಂದು ತಂಡ ತಿಳಿಸಿತು.

ವಯಸ್ಸಾದ ರಾಕ್ ತಂಡವೊಂದು ಹೇಗೆ ಮುಗಿಯುತ್ತದೆ ಎಂಬುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಜಗಳದಿಂದ ತಂಡ ಒಡೆಯಲಿಲ್ಲ, ಟಿಕೆಟ್ ಮಾರಾಟವಾಗದೆ ನಿಲ್ಲಲಿಲ್ಲ, ಯಾರೂ ತೀರಿಕೊಳ್ಳಲಿಲ್ಲ. ಎರಡು ಸೆಂಟಿಮೀಟರ್ ಆಸುಪಾಸಿನ ಒಂದು ಅಂಗಾಂಶದ ಮೇಲೆ ಇಡೀ ಯೋಜನೆಯ ಭಾರ ಬಿದ್ದಿತ್ತು, ಅದು ಸೋತಾಗ ಬದಲಿ ವ್ಯವಸ್ಥೆ ಇರಲಿಲ್ಲ. ಆ ಭಾರ ಎಷ್ಟಿರಬೇಕು ಎಂದು ಗೊತ್ತುಮಾಡಿದ್ದರಲ್ಲಿ ಅಭಿಮಾನಿಗಳ ನಿರೀಕ್ಷೆಯದ್ದು ದೊಡ್ಡ ಪಾಲು.

ಹೊರಡುವ ಹೊತ್ತಿಗೆ ತಂಡದ ಸ್ಥಿತಿ

ಏರೋಸ್ಮಿತ್ 1970ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ತಂಡ. ಗಾಯನಕ್ಕೆ ಟೈಲರ್, ಗಿಟಾರಿಗೆ ಜೋ ಪೆರ್ರಿ ಮತ್ತು ಬ್ರಾಡ್ ವಿಟ್‌ಫೋರ್ಡ್, ಬೇಸ್‌ಗೆ ಟಾಮ್ ಹ್ಯಾಮಿಲ್ಟನ್, ಡ್ರಮ್ಸ್‌ಗೆ ಜೋಯಿ ಕ್ರೇಮರ್. 1979ರಲ್ಲಿ ಪೆರ್ರಿ, 1981ರಲ್ಲಿ ವಿಟ್‌ಫೋರ್ಡ್ ಬಿಟ್ಟು ಹೋಗಿದ್ದರು. 1984ರಲ್ಲಿ ಇಬ್ಬರೂ ಮರಳಿದರು. ಅಲ್ಲಿಂದಾಚೆ ‘ಅದೇ ಐದು ಜನ’ ಎಂಬುದೇ ಈ ತಂಡದ ದೊಡ್ಡ ಹೆಮ್ಮೆಯಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಟೈಲರ್‌ಗೆ 75 ವರ್ಷ, ವಿಟ್‌ಫೋರ್ಡ್ ಮತ್ತು ಹ್ಯಾಮಿಲ್ಟನ್‌ಗೆ 71. ಎಲ್ಮಾಂಟ್ ಕಾರ್ಯಕ್ರಮದ ಮರುದಿನ ಪೆರ್ರಿಗೆ 73 ತುಂಬುವುದಿತ್ತು.

ಗಂಟಲಿನ ಕಥೆ 2023ರಲ್ಲಿ ಶುರುವಾದದ್ದಲ್ಲ. 2006ರ ಮಾರ್ಚ್‌ನಲ್ಲಿ ಟೈಲರ್ ಅವರ ಧ್ವನಿತಂತುವಿನಲ್ಲಿ ರಕ್ತನಾಳ ಒಡೆದು, ನಡೆಯುತ್ತಿದ್ದ ತಿರುಗಾಟವನ್ನು ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದಿತ್ತು. ಬಾಸ್ಟನ್‌ನ ಧ್ವನಿತಜ್ಞ ಸ್ಟೀವನ್ ಝೈಟೆಲ್ಸ್ ಲೇಸರ್ ಶಸ್ತ್ರಚಿಕಿತ್ಸೆ ಮಾಡಿದರು. ಅದೇ ವರ್ಷ ಹ್ಯಾಮಿಲ್ಟನ್‌ಗೆ ಗಂಟಲಿನ ಕ್ಯಾನ್ಸರ್ ಚಿಕಿತ್ಸೆ ಆಯಿತು. 2007ರ ಜೂನ್ 2ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಏರೋಸ್ಮಿತ್ ನೋಡಿದವರು ಈ ಲೆಕ್ಕವನ್ನು ನೆನಪಿಡಬೇಕು: ಆ ರಾತ್ರಿ ವೇದಿಕೆಯ ಮೇಲಿದ್ದ ಇಬ್ಬರು ಹಿಂದಿನ ವರ್ಷವಷ್ಟೇ ಗಂಟಲಿನ ಚಿಕಿತ್ಸೆ ಮುಗಿಸಿ ಬಂದಿದ್ದರು. ಆಗ ಟೈಲರ್‌ಗೆ 59. ಆ ವಯಸ್ಸಿಗೆ ಗಂಟಲು ಒಂದು ಸಲ ಕೈಕೊಟ್ಟರೂ ತಿರುಗಿ ಬಂದಿತ್ತು.

ಬೇರೆ ಸೂಚನೆಗಳೂ ಇದ್ದವು. ಪೆರ್ರಿ 2016ರಲ್ಲೂ 2018ರಲ್ಲೂ ಬೇರೆಯವರ ಜತೆ ನುಡಿಸಲು ಹೋದ ಕಾರ್ಯಕ್ರಮಗಳಲ್ಲಿ ಕುಸಿದು ಆಸ್ಪತ್ರೆ ಸೇರಿದ್ದರು. 2022ರ ಮೇ ತಿಂಗಳಲ್ಲಿ, ಕಾಲಿನ ಶಸ್ತ್ರಚಿಕಿತ್ಸೆಗೆಂದು ಕೊಟ್ಟ ನೋವುನಿವಾರಕದಿಂದ ಟೈಲರ್ ಮತ್ತೆ ವ್ಯಸನದ ಕಡೆ ಜಾರಿ ಚಿಕಿತ್ಸಾ ಕೇಂದ್ರ ಸೇರಿದ್ದಾರೆಂದು ತಂಡವೇ ಪ್ರಕಟಿಸಿತು; ಲಾಸ್ ವೇಗಸ್‌ನಲ್ಲಿ ನಡೆಯಬೇಕಿದ್ದ ಪ್ರದರ್ಶನಗಳು ಸೆಪ್ಟೆಂಬರ್‌ವರೆಗೆ ನಿಂತವು. ಡಿಸೆಂಬರ್‌ನಲ್ಲಿ ಆರೋಗ್ಯದ ಕಾರಣಕ್ಕೆ ಇನ್ನೂ ಕೆಲವು ರದ್ದಾದವು. ವೇಗಸ್ ಎಂದರೆ ಒಂದೇ ಊರು, ಒಂದೇ ವೇದಿಕೆ, ಪ್ರಯಾಣವೇ ಇಲ್ಲ. ಅಷ್ಟು ಹಗುರದ ವೇಳಾಪಟ್ಟಿಯೇ ಪೂರೈಸದ ವರ್ಷದ ಮರುವರ್ಷ ಖಂಡವಿಡೀ ಸುತ್ತುವ 40 ಪ್ರದರ್ಶನಗಳ ಪಟ್ಟಿ ಬಂತು. ಈ ಪ್ರಕರಣದ ಮೊದಲ ತಪ್ಪು ಹೆಜ್ಜೆ ಎಲ್ಮಾಂಟ್‌ನದ್ದಲ್ಲ, ಇದು.

ವೇಳಾಪಟ್ಟಿ ಮಾಡಿದವರು ಬೇಜವಾಬ್ದಾರಿಯಿಂದ ಮಾಡಿದ್ದರು ಎಂದು ಮಾತ್ರ ಹೇಳಲಾಗದು. ಪ್ರಾಯದ ತಂಡಗಳು ವಾರಕ್ಕೆ ನಾಲ್ಕೈದು ರಾತ್ರಿ ನುಡಿಸುತ್ತವೆ. ಇವರದು ಎಂಟು ದಿನಕ್ಕೆ ಮೂರು. ನಡುವೆ ಎರಡು ಮೂರು ದಿನ ಬಿಡುವು. ಬಿಡುವು ಇತ್ತು, ಬದಲಿ ಇರಲಿಲ್ಲ. ಇವೆರಡೂ ಬೇರೆ ಬೇರೆ ಸಂಗತಿ.

ಗಂಟಲಿನ ಒಳಗೆ ಏನಾಗುತ್ತದೆ

ಧ್ವನಿತಂತು ಎಂಬ ಹೆಸರು ಕೇಳಿ ತಂಬೂರಿಯ ತಂತಿಯನ್ನು ಕಲ್ಪಿಸಿಕೊಳ್ಳಬಾರದು. ಅದು ಎರಡು ಮಡಿಕೆಗಳ ಜೋಡಿ. ಒಳಗೆ ಸ್ನಾಯು, ಅದರ ಮೇಲೆ ಬಿಗಿಯಾದ ಪಟ್ಟಿ, ಅದರ ಮೇಲೆ ಎಳನೀರಿನ ತೆಳು ಗಂಜಿಯಂಥ ಮೆತ್ತನೆಯ ಪದರ, ಎಲ್ಲಕ್ಕೂ ಹೊರಗೆ ತೆಳ್ಳನೆಯ ಚರ್ಮ. ಶ್ವಾಸಕೋಶದಿಂದ ಗಾಳಿ ಮೇಲೆ ಬಂದಾಗ ಆ ಗಂಜಿಯಂಥ ಪದರ ಅಲೆಯಾಗಿ ಏಳುತ್ತದೆ, ಎರಡು ಮಡಿಕೆಗಳು ಬಡಿದುಕೊಳ್ಳುತ್ತವೆ. ಸ್ವರದ ಎತ್ತರವೆಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಬಡಿದುಕೊಂಡವು ಎಂಬುದು. ವಾದ್ಯಗಳನ್ನು ಶ್ರುತಿ ಮಾಡುವ ‘ಎ’ ಸ್ವರಕ್ಕೆ 440 ಸಲ.

ಒಂದು ಸರಳ ಲೆಕ್ಕ ಹಾಕೋಣ. ಎರಡು ಗಂಟೆಗೆ ಸ್ವಲ್ಪ ಕಡಿಮೆಯ ಕಾರ್ಯಕ್ರಮ. ಅದರಲ್ಲಿ ವಾದ್ಯದ ಭಾಗ, ಚಪ್ಪಾಳೆ, ಮಾತು, ಉಸಿರಿನ ಬಿಡುವು ಎಲ್ಲವನ್ನೂ ಕಳೆದು ಗಾಯಕನ ಧ್ವನಿ ನಿಜವಾಗಿ ಹೊರಡುವುದು 40 ನಿಮಿಷ ಎಂದಿಟ್ಟುಕೊಳ್ಳಿ. ಸರಾಸರಿ ಸೆಕೆಂಡಿಗೆ 350 ಬಡಿತ ಎಂದರೆ ಒಂದು ರಾತ್ರಿಗೆ 8 ಲಕ್ಷದ 40 ಸಾವಿರ ಬಡಿತ. ನಲವತ್ತು ರಾತ್ರಿಗೆ 3 ಕೋಟಿ 36 ಲಕ್ಷ. ಅದರ ಮೇಲೆ ಟೈಲರ್ ಅವರದ್ದು ಮೆಲುದನಿಯ ಗಾಯನವಲ್ಲ. ಕಿರುಚಿ, ಕರ್ಕಶವಾಗಿಸಿ, ಎತ್ತರದ ಸ್ಥಾಯಿಯಲ್ಲಿ ಎಳೆದು ನಿಲ್ಲಿಸುವುದೇ ಅವರ ಗುರುತು. 1973ರ ‘ಡ್ರೀಮ್ ಆನ್’ ಹಾಡಿನ ಕೊನೆಗೆ ಬರುವ ಕೂಗು ಇಲ್ಲದೆ ಏರೋಸ್ಮಿತ್ ಕಾರ್ಯಕ್ರಮ ಮುಗಿದರೆ ಜನ ಒಪ್ಪುವುದಿಲ್ಲ. ಅಂಥ ಕೂಗಿಗೆ ಕೆಳಗಿನಿಂದ ಗಾಳಿಯ ಒತ್ತಡ ಮಾಮೂಲಿ ಮಾತಿನ ಹಲವು ಪಟ್ಟು ಬೇಕು, ಬಡಿತವೂ ಅಷ್ಟೇ ಜೋರು.

ವಯಸ್ಸಾದಂತೆ ಸ್ನಾಯು ಸೊರಗುತ್ತದೆ. ಮುಚ್ಚಿಕೊಂಡಾಗಲೂ ಎರಡು ಮಡಿಕೆಗಳ ನಡುವೆ ಸಣ್ಣ ಸಂದು ಉಳಿಯುತ್ತದೆ, ಗಾಳಿ ಸೋರುತ್ತದೆ. ಸೋರಿಕೆ ತುಂಬಿಕೊಳ್ಳಲು ಗಾಯಕ ತಿಳಿಯದೆಯೇ ಹೆಚ್ಚು ಒತ್ತುತ್ತಾನೆ. ಮೇಲ್ಪದರ ಮೆತ್ತಗಿರುವುದಿಲ್ಲ, ತೇವ ಕಡಿಮೆ. ಸುತ್ತಲಿನ ಧ್ವನಿಪೆಟ್ಟಿಗೆ ಚಿಕ್ಕ ವಯಸ್ಸಿನಲ್ಲಿ ಬಾಗುವ ಮೃದ್ವಸ್ಥಿ. ಎಪ್ಪತ್ತರ ಹೊತ್ತಿಗೆ ಅದರ ಬಹುಭಾಗ ಮೂಳೆಯಂತೆ ಗಟ್ಟಿಯಾಗಿರುತ್ತದೆ. ಬಾಗುತ್ತಿದ್ದದ್ದು ಈಗ ಬಿರಿಯುತ್ತದೆ.

ರಕ್ತಸ್ರಾವ ಎಂದರೆ ಆ ಗಂಜಿಯಂಥ ಪದರದೊಳಗೆ ಸಣ್ಣ ರಕ್ತನಾಳ ಒಡೆದು ರಕ್ತ ಹರಡಿಕೊಳ್ಳುವುದು. ಮೊದಲ ಕೆಲಸ ಪೂರ್ಣ ಮೌನ. ಪಿಸುಮಾತೂ ಕೂಡದು, ಅದೂ ಆಯಾಸವೇ. ಹಬೆಯಾಡುವ ಗಾಳಿ, ಧಾರಾಳ ನೀರು, ಆಮ್ಲ ಗಂಟಲಿಗೆ ಏರದಂತೆ ಮಾತ್ರೆ, ಕೆಮ್ಮು ತಡೆ. ವಾರ ಹದಿನೈದು ದಿನದ ಮೇಲೆ ಸ್ಟ್ರೋಬೋಸ್ಕೋಪಿಯಲ್ಲಿ (ಮಿನುಗುವ ಬೆಳಕು ಬಿಟ್ಟು ಮಡಿಕೆಗಳ ಚಲನೆಯನ್ನು ನಿಧಾನಗತಿಯಲ್ಲಿ ತೋರಿಸುವ ಪರೀಕ್ಷೆ) ಅಲೆ ಮತ್ತೆ ಏಳುತ್ತಿದೆಯೇ ಎಂದು ನೋಡುತ್ತಾರೆ. ಬಣ್ಣ ತಿಳಿಯಾಯಿತು ಎಂಬುದು ಸಾಕಾಗುವುದಿಲ್ಲ, ಅಲೆ ಏಳಬೇಕು. ಗಾಯ ಮಾಗಿದ ಜಾಗದಲ್ಲಿ ಕಲೆ ಉಳಿದರೆ ಎಳನೀರಿನ ಗಂಜಿ ಇದ್ದಲ್ಲಿ ಕೊಬ್ಬರಿ ಬಲಿತ ಹಾಗೆ. ಆ ತುಣುಕು ಅಲುಗುವುದಿಲ್ಲ. ಕಲೆ ಸಣ್ಣದಾದರೆ ಮಾತಿಗೆ ಅಷ್ಟಾಗಿ ತೊಂದರೆಯಾಗದು, ಎರಡು ಮೂರು ಹಾಡಿಗೂ ಆಗದು. ಎತ್ತರದ ಸ್ವರವನ್ನು ರಾತ್ರಿಯಿಂದ ರಾತ್ರಿಗೆ ಹಿಡಿದು ನಿಲ್ಲಿಸುವುದು ಮಾತ್ರ ಆಗದು.

ಟೈಲರ್ ವಿಷಯದಲ್ಲಿ ಇದರ ಜತೆ ಧ್ವನಿಪೆಟ್ಟಿಗೆಯೇ ಬಿರಿದಿತ್ತು. ಸಾಮಾನ್ಯವಾಗಿ ಇಂಥ ಮುರಿತ ಆಗುವುದು ವಾಹನ ಅಪಘಾತದಲ್ಲಿ ಕುತ್ತಿಗೆ ಸ್ಟೀರಿಂಗಿಗೆ ಬಡಿದಾಗ, ಚೆಂಡು ತಗುಲಿದಾಗ. ಜೋರಾಗಿ ಸೀನಿದ್ದಕ್ಕೇ ಆದ ಉದಾಹರಣೆಗಳೂ ವೈದ್ಯ ದಾಖಲೆಗಳಲ್ಲಿವೆ. ಸಿ.ಟಿ. ಸ್ಕ್ಯಾನ್ ಮಾಡಿ, ತುಂಡು ಜರುಗದಿದ್ದರೆ ವಿಶ್ರಾಂತಿ, ಜರುಗಿದ್ದರೆ ಸಣ್ಣ ಲೋಹದ ಪಟ್ಟಿ ಕೂರಿಸುವುದು ರೂಢಿ. ಪೆಟ್ಟಿಗೆಯ ಆಕಾರ ಒಂದು ಮಿಲಿಮೀಟರ್ ಬದಲಾದರೂ ತಂತುಗಳ ಬಿಗಿ ಬದಲಾಗುತ್ತದೆ. ತಂಬೂರಿಯ ಕುದುರೆ ಜರುಗಿದ ಹಾಗೆ.

ಹೋಲಿಕೆಗೆ ಒಂದು ಮಾತು. ಗಾಯಕಿ ಅಡೆಲ್ ಅವರಿಗೂ 2011ರಲ್ಲಿ ಧ್ವನಿತಂತುವಿನ ರಕ್ತಸ್ರಾವವಾಗಿ ಅದೇ ಝೈಟೆಲ್ಸ್ ನವೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿದ್ದರು. 2012ರ ಫೆಬ್ರವರಿಯ ಗ್ರ್ಯಾಮಿ ಸಮಾರಂಭದಲ್ಲಿ ಅವರು ಮತ್ತೆ ಹಾಡಿದರು. ಶಸ್ತ್ರಚಿಕಿತ್ಸೆಯಾದಾಗ ಅವರ ವಯಸ್ಸು 23.

ಜನ ಏನು ಕೇಳಲು ಬರುತ್ತಾರೆ

ಈ ತಿರುಗಾಟದಲ್ಲಿ ಐವರ ಪೈಕಿ ಒಬ್ಬರು ಮೊದಲೇ ಇರಲಿಲ್ಲ. 2020ರ ಜನವರಿಯಲ್ಲಿ ಕ್ರೇಮರ್ ತಮ್ಮದೇ ತಂಡದ ಮೇಲೆ ಮೊಕದ್ದಮೆ ಹೂಡಿದ್ದರು: ಗಾಯದಿಂದ ಚೇತರಿಸಿಕೊಂಡ ಮೇಲೂ ನುಡಿಸಲು ಬಿಡುತ್ತಿಲ್ಲ, ಸ್ಥಾಪಕ ಸದಸ್ಯನಿಗೇ ಪರೀಕ್ಷೆ ಒಡ್ಡುತ್ತಿದ್ದಾರೆ ಎಂದು. ತೀರ್ಪು ಅವರ ಪರ ಬರಲಿಲ್ಲ. 2023ರಲ್ಲಿ ಕುಟುಂಬ ಮತ್ತು ಆರೋಗ್ಯದ ಕಡೆ ಗಮನ ಕೊಡಲು ಕ್ರೇಮರ್ ಹೊರಗುಳಿಯುತ್ತಾರೆ ಎಂದು ಪ್ರಕಟವಾಯಿತು, ಜಾನ್ ಡಗ್ಲಸ್ ಡ್ರಮ್ಸ್ ಹಿಂದೆ ಕುಳಿತರು. ಅಭಿಮಾನಿಗಳು ಬೇಸರಪಟ್ಟರು, ಆದರೂ ಟಿಕೆಟ್ ಕೊಂಡರು.

ಅದೇ ಮಾತು ಗಾಯಕನಿಗೆ ಹೊಂದುವುದಿಲ್ಲ. ಡ್ರಮ್ಸ್ ಬದಲಾದರೆ ಹಾಡು ಹಾಡಾಗಿಯೇ ಉಳಿಯುತ್ತದೆ. ಕಂಠ ಬದಲಾದರೆ ಕೇಳುಗರಿಗೆ ಅದು ಬೇರೆ ತಂಡ. ಬದಲಾಯಿಸಿ ಬದುಕಿದ ತಂಡಗಳು ಇಲ್ಲದಿಲ್ಲ. ಜರ್ನಿ ತಂಡ 2007ರಲ್ಲಿ ಫಿಲಿಪ್ಪೀನ್ಸ್‌ನ ಆರ್ನೆಲ್ ಪಿನೆಡಾ ಅವರನ್ನು ಕರೆತಂದು ಗೆದ್ದಿತು. 2016ರಲ್ಲಿ ಕಿವಿ ಪೂರ್ತಿ ಹೋಗುವ ಅಪಾಯವಿದೆ ಎಂದು ವೈದ್ಯರು ಗಾಯಕ ಬ್ರಯನ್ ಜಾನ್ಸನ್‌ಗೆ ಎಚ್ಚರಿಸಿದಾಗ ಎಸಿ/ಡಿಸಿ ತಂಡ ಆಕ್ಸೆಲ್ ರೋಸ್ ಅವರನ್ನು ಇಟ್ಟುಕೊಂಡು ಉಳಿದ ಪ್ರದರ್ಶನ ಮುಗಿಸಿತು. ಆದರೆ ಆ ತಂಡಕ್ಕೆ ಗಾಯಕ ಬದಲಾದ ಅನುಭವ 1980ರಿಂದಲೇ ಇತ್ತು. ಏರೋಸ್ಮಿತ್‌ಗೆ ಎಂದೂ ಬೇರೆ ಮುಖ್ಯ ಗಾಯಕನಿರಲಿಲ್ಲ. ಮೇಲಾಗಿ ಇದು ವಿದಾಯ. ಕೊನೆಯ ಸಲ ನೋಡೋಣ ಎಂದು ಬಂದವರ ಮುಂದೆ ಬೇರೊಬ್ಬರನ್ನು ನಿಲ್ಲಿಸಿದರೆ ಆ ಟಿಕೆಟ್ಟಿಗೆ ಅರ್ಥವೇ ಇರುತ್ತಿರಲಿಲ್ಲ. ಬದಲಿ ಗಾಯಕನನ್ನು ತರದೆ ನಿಲ್ಲಿಸಿದ್ದು ಸರಿಯಾದ ನಿರ್ಧಾರ ಎಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಬದಲಿ ಇಡುವುದು ಎಂದರೇನು? ಇಲ್ಲಿ ನಮ್ಮ ಯಕ್ಷಗಾನ ಮೇಳದ ಕ್ರಮ ನೋಡಿದರೆ ತಿಳಿಯುತ್ತದೆ. ದೀಪಾವಳಿಯ ಆಸುಪಾಸಿಗೆ ಹೊರಟು ಮೇ ಕೊನೆಯ ಪತ್ತನಾಜೆಯವರೆಗೆ ದಿನವೂ ಆಟವಾಡುವ ಮೇಳಗಳು ಇಡೀ ರಾತ್ರಿಯನ್ನು ಒಬ್ಬ ಭಾಗವತರ (ಹಾಡುಗಾರರ) ಕಂಠದ ಮೇಲೆ ಹೊರಿಸುವುದಿಲ್ಲ. ಪೂರ್ವರಂಗಕ್ಕೆ ಕಿರಿಯರು, ಆಮೇಲೆ ಇನ್ನೊಬ್ಬರು, ನಡುರಾತ್ರಿ ದಾಟಿದ ಮೇಲೆ ಪ್ರಧಾನ ಭಾಗವತರು. ಪ್ರೇಕ್ಷಕರು ಇದನ್ನು ಕೊರತೆ ಎಂದುಕೊಳ್ಳುವುದಿಲ್ಲ, ಅದೇ ಪದ್ಧತಿ. ರಾಕ್ ಸಂಗೀತದಲ್ಲಿ ಆ ಪದ್ಧತಿ ಬೆಳೆಯಲಿಲ್ಲ. ಅಲ್ಲಿ ಒಬ್ಬನೇ ಗಾಯಕ ಆರಂಭದಿಂದ ಮಂಗಳದವರೆಗೆ ನಿಲ್ಲಬೇಕು, ಅದೂ ಐವತ್ತು ವರ್ಷದ ಹಿಂದಿನ ಧ್ವನಿಮುದ್ರಿಕೆಯ ಶ್ರುತಿಯಲ್ಲೇ.

ಶ್ರುತಿಯದ್ದೇ ಇನ್ನೊಂದು ಗಂಟು. ನಮ್ಮಲ್ಲಿ ವಯಸ್ಸಾದ ಗಾಯಕರು ಹಾರ್ಮೋನಿಯಂನ ಕಪ್ಪು ಎರಡರಿಂದ ಬಿಳಿ ಎರಡಕ್ಕೆ, ಅಂದರೆ ಅರ್ಧ ಸ್ವರ, ಇಳಿದರೆ ಯಾರೂ ಪಿಟ್ಟೆನ್ನುವುದಿಲ್ಲ. ರಾಕ್ ತಂಡ ಅಷ್ಟೇ ಅರ್ಧ ಸ್ವರ ಇಳಿಸಿದರೂ ಕೆಲಸ ಬಹಳ. ಅರ್ಧ ಸ್ವರ ಇಳಿಸಿದಾಗ 440 ಇದ್ದದ್ದು ಸುಮಾರು 415 ಆಗುತ್ತದೆ. ಗಿಟಾರ್ ತಂತಿಯ ಎಳೆತ ಶೇ 11ರಷ್ಟು ಕಡಿಮೆಯಾಗಿ ತಂತಿ ಜೋಲುತ್ತದೆ. ಆದ್ದರಿಂದ 10ರ ದಪ್ಪದ ತಂತಿಗಳ ಸೆಟ್ ತೆಗೆದು ಇನ್ನೂ ದಪ್ಪನೆಯ 10.5 ಅಥವಾ 11ರ ಸೆಟ್ ಹಾಕಬೇಕು. ತಂತಿ ದಪ್ಪವಾದರೆ ಕತ್ತಿನ ಬಾಗು ಬದಲಾಗುತ್ತದೆ, ಕತ್ತಿನೊಳಗಿನ ಲೋಹದ ಸರಳನ್ನು (ಟ್ರಸ್ ರಾಡ್) ತಿರುಗಿಸಿ ಸರಿಪಡಿಸಬೇಕು, ಕುದುರೆಯ ಬಳಿ ಪ್ರತಿ ತಂತಿಯ ಸ್ವರಶುದ್ಧಿ ಮತ್ತೆ ನೋಡಬೇಕು. ಕೆಲವು ಹಾಡು ಮಾತ್ರ ಇಳಿಸುವುದಾದರೆ ಪ್ರತಿ ಗಿಟಾರಿಗನಿಗೂ ಎರಡು ಶ್ರುತಿಯ ಎರಡು ವಾದ್ಯ, ಎರಡಕ್ಕೂ ಒಂದೊಂದು ಬದಲಿ, ಅಂದರೆ ನಾಲ್ಕು ಗಿಟಾರ್ ಪಕ್ಕದಲ್ಲಿ ಸಿದ್ಧವಿರಬೇಕು. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಆದರೆ ಜತೆಗೆ ಓಡುವ ಮುದ್ರಿತ ಟ್ರ್ಯಾಕ್‌ಗಳನ್ನೆಲ್ಲ ಹೊಸ ಶ್ರುತಿಯಲ್ಲಿ ಮತ್ತೆ ಸಿದ್ಧಪಡಿಸಬೇಕು. ಒಂದು ಟ್ರ್ಯಾಕ್ ಹಳೆಯ ಶ್ರುತಿಯಲ್ಲೇ ಉಳಿದುಬಿಟ್ಟರೆ ಸಾವಿರಾರು ಜನರ ಎದುರು ಅಪಸ್ವರ. ಇಷ್ಟು ಮಾಡಿದರೂ ಗಾಯಕನಿಗೆ ದಕ್ಕುವುದು ಅರ್ಧ ಸ್ವರದ ನೆಮ್ಮದಿ. ಆದರೂ ಎಪ್ಪತ್ತೈದರ ಕಂಠಕ್ಕೆ ಅದು ಸಣ್ಣದಲ್ಲ.

ಹಾಡಿನ ಸಾಲು ಜೋಡಿಸುವುದರಲ್ಲಿ ಉಳಿತಾಯ ಇನ್ನೂ ಹೆಚ್ಚು. ಎತ್ತರದ ಎರಡು ಹಾಡು ಒಟ್ಟಿಗೆ ಬರಬಾರದು. ಅರ್ಧ ದಾಟಿದ ಮೇಲೆ ಪೆರ್ರಿ ಹಾಡುವ ಒಂದೆರಡು ಬ್ಲೂಸ್, ನಡುವೆ ಉದ್ದನೆಯ ಗಿಟಾರ್ ಭಾಗ, ಪಲ್ಲವಿಯನ್ನು ಜನರ ಬಾಯಿಗೆ ಬಿಡುವುದು, ಎತ್ತರದ ಸಾಲಿಗೆ ಹಿನ್ನೆಲೆ ಗಾಯಕರ ಆಸರೆ. ತನ್ನ ದನಿಯನ್ನು ಗಾಯಕನಿಗೇ ಕೇಳಿಸುವ ಕಿವಿಯೊಳಗಿನ ಮಾನಿಟರ್ ಸರಿಯಾಗಿ ಕೂರಬೇಕು. ತನ್ನ ದನಿ ತನಗೆ ಕೇಳದ ಗಾಯಕ ಕೂಗಿಯೇ ಕೂಗುತ್ತಾನೆ, ಎಷ್ಟು ಅನುಭವವಿದ್ದರೂ. ವೇದಿಕೆಯ ಹೊಗೆ ಯಂತ್ರವನ್ನು ಗಾಯಕನ ದಿಕ್ಕಿಗೆ ಇಡಕೂಡದು. ಗಂಟಲು ಒಣಗಿಸುವುದರಲ್ಲಿ ಅದಕ್ಕೂ ವಿಮಾನದ ಒಣ ಗಾಳಿಗೂ ಪೈಪೋಟಿ.

ಮೂವತ್ತು ದಿನದಿಂದ ‘ಇನ್ನಿಲ್ಲ’ದವರೆಗೆ

ಸೆಪ್ಟೆಂಬರ್ 11ರ ಪ್ರಕಟಣೆಯಲ್ಲಿ ಟೈಲರ್, ಮೂವತ್ತು ದಿನ ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆಯಾಗಿದೆ ಎಂದರು. ಆರು ಊರುಗಳ ಪ್ರದರ್ಶನ ಮುಂದಕ್ಕೆ ಹೋಯಿತು. ಹದಿನೆಂಟು ದಿನ ಕಳೆದು, 29ರಂದು, ಪೆಟ್ಟು ಮೊದಲು ಅಂದುಕೊಂಡದ್ದಕ್ಕಿಂತ ದೊಡ್ಡದು, ಧ್ವನಿಪೆಟ್ಟಿಗೆ ಬಿರಿದಿದೆ, ಎಲ್ಲವೂ 2024ಕ್ಕೆ ಎಂಬ ಸುದ್ದಿ ಬಂತು. 2024ರ ಏಪ್ರಿಲ್‌ನಲ್ಲಿ ಹೊಸ ದಿನಾಂಕಗಳ ಪಟ್ಟಿ: ಸೆಪ್ಟೆಂಬರ್ 20ರಂದು ಪಿಟ್ಸ್‌ಬರ್ಗ್‌ನಿಂದ ಶುರುವಾಗಿ 2025ರ ಫೆಬ್ರವರಿ 26ಕ್ಕೆ ಬಫಲೋದಲ್ಲಿ ಕೊನೆ. ಆಗಸ್ಟ್ 2ರಂದು, ಹೊರಡಲು ಸರಿಯಾಗಿ ಏಳು ವಾರ ಇರುವಾಗ, ಪೂರ್ಣ ಚೇತರಿಕೆ ಸಾಧ್ಯವಿಲ್ಲ ಎಂಬ ಕೊನೆಯ ಮಾತು.

ಮೊದಲ ಎರಡು ಪ್ರಕಟಣೆಗಳಲ್ಲಿ ತಪ್ಪು ಹುಡುಕಲಾಗದು. ಬಾವು ಇಳಿಯುವ ಮೊದಲು ಒಳಗೇನಾಗಿದೆಯೆಂದು ಪೂರ್ತಿ ಕಾಣುವುದಿಲ್ಲ. ಮೂವತ್ತು ದಿನ ಎಂಬುದು ಆ ಹೊತ್ತಿಗೆ ಕಂಡಷ್ಟಕ್ಕೆ ಕೊಟ್ಟ ಅಂದಾಜು. ತಪ್ಪಿದ್ದು ಏಪ್ರಿಲ್‌ನಲ್ಲಿ. ಗಂಟಲು ಪೂರ್ಣ ಕಾರ್ಯಕ್ರಮವೊಂದನ್ನು ತಡೆದುಕೊಳ್ಳುತ್ತದೆಯೇ ಎಂದು ಸಾಬೀತಾಗುವ ಮೊದಲೇ ಐದು ತಿಂಗಳ ತಿರುಗಾಟದ ಇಡೀ ಪಟ್ಟಿಯನ್ನು ಜನರ ಕೈಗಿಟ್ಟರು. ಇದಕ್ಕೊಂದು ಕ್ರಮವಿದೆ. ಮೊದಲು ಸ್ಟ್ರೋಬೋಸ್ಕೋಪಿ ಪರೀಕ್ಷೆ ಸ್ವಚ್ಛವಾಗಬೇಕು. ಆಮೇಲೆ ಧ್ವನಿ ತರಬೇತುದಾರರ ಜತೆ ದಿನಕ್ಕೆ ಐದು, ಹತ್ತು, ಇಪ್ಪತ್ತು ನಿಮಿಷ ಎಂದು ಏರಿಸುತ್ತ ಹೋಗಬೇಕು. ಆಮೇಲೆ ತಂಡದೊಂದಿಗೆ ಮುಚ್ಚಿದ ಬಾಗಿಲ ತಾಲೀಮಿನಲ್ಲಿ ಕಾರ್ಯಕ್ರಮದ ಹಾಡುಗಳೆಲ್ಲ ಪೂರ್ತಿ, ಮರುದಿನ ಪರೀಕ್ಷೆ, ಎರಡು ದಿನ ಬಿಟ್ಟು ಮತ್ತೆ ಎಲ್ಲ ಹಾಡು, ಮತ್ತೆ ಪರೀಕ್ಷೆ. ಎರಡನೆಯ ರಾತ್ರಿಯ ಮರುದಿನದ ಪರೀಕ್ಷೆಯೇ ಮುಖ್ಯ. ಮೊದಲ ರಾತ್ರಿ ಹುಮ್ಮಸ್ಸಿನಲ್ಲಿ ಯಾರಾದರೂ ದಾಟುತ್ತಾರೆ. ಇಷ್ಟಾದ ಮೇಲೆ ನಾಲ್ಕೈದು ಊರು ಮಾತ್ರ ಘೋಷಿಸಿ, ಅವು ಮುಗಿದ ಮೇಲೆ ಮುಂದಿನ ಕಂತು.

ಹಾಗೇಕೆ ಯಾರೂ ಮಾಡುವುದಿಲ್ಲ? ದುಡ್ಡಿನ ಕಾರಣ ನೇರವಾಗಿದೆ. ದೊಡ್ಡ ಅರೀನಾಗಳನ್ನು ಹಲವು ತಿಂಗಳು ಮೊದಲೇ ಹಿಡಿದಿಡಬೇಕು, ಇಲ್ಲದಿದ್ದರೆ ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ ಪಂದ್ಯಗಳು ಆ ದಿನಗಳನ್ನು ನುಂಗುತ್ತವೆ. ಲಾರಿ, ಬಸ್ಸು, ಬೆಳಕು, ಧ್ವನಿವರ್ಧಕಗಳ ಬಾಡಿಗೆ ವಾರದ ಲೆಕ್ಕ. ಪ್ರದರ್ಶನ ಇರಲಿ ಬಿಡಲಿ ಓಡುತ್ತದೆ. ದೀಪ, ಧ್ವನಿವರ್ಧಕ ತೂಗುಹಾಕುವ ರಿಗ್ಗಿಂಗ್‌ನವರು, ವಿದ್ಯುತ್ತಿನವರು, ಚಾಲಕರು, ಅಡುಗೆಯವರು ಎಲ್ಲರಿಗೂ ಬಿಡುವಿನ ದಿನಕ್ಕೂ ಸಂಬಳ. ನಲವತ್ತು ಊರಿಗೆ ಹಂಚಿದರೆ ವೇದಿಕೆ ಕಟ್ಟಿದ ಖರ್ಚು ಹೊರೆಯಾಗುವುದಿಲ್ಲ, ಐದಕ್ಕೆ ಹಂಚಿದರೆ ಟಿಕೆಟ್ ದರ ಮುಗಿಲು ಮುಟ್ಟುತ್ತದೆ. ಕಲಾವಿದ ಬಾರದಿದ್ದರೆ ನಷ್ಟ ತುಂಬಿಕೊಡುವ ವಿಮೆ ಇದೆ; ಅದಕ್ಕೂ ವೈದ್ಯಕೀಯ ತಪಾಸಣೆ ಬೇಕು, ವಯಸ್ಸಿನೊಂದಿಗೆ ಪ್ರೀಮಿಯಂ ಏರುತ್ತದೆ, ಮೊದಲೇ ಇದ್ದ ಕಾಯಿಲೆಯನ್ನು ವಿಮಾದಾರರು ಹೊರಗಿಡುತ್ತಾರೆ. ಅವರ ಮೊದಲ ಪ್ರಶ್ನೆಯೇ ಒಮ್ಮೆ ಶಸ್ತ್ರಚಿಕಿತ್ಸೆಯಾದ ಗಂಟಲಿನ ಬಗ್ಗೆ.

ಟಿಕೆಟ್ ಇಟ್ಟುಕೊಂಡು ಕಾದವರು

2023ರ ಮೇ ತಿಂಗಳಲ್ಲಿ ಟಿಕೆಟ್ ಕೊಂಡು ಹಿಡಿದುಕೊಂಡೇ ಇದ್ದವರ ಹಣ ಹದಿನೈದು ತಿಂಗಳು ಸಿಕ್ಕಿಕೊಂಡಿತ್ತು. ಮುಂದೂಡಿದಾಗ ಹಳೆಯ ಟಿಕೆಟ್ ಹೊಸ ದಿನಾಂಕಕ್ಕೆ ನಡೆಯುತ್ತದೆ, ಬರಲಾಗದವರಿಗೆ ಹಣ ವಾಪಸ್ ಎಂಬ ಆಯ್ಕೆ ಇತ್ತು. ಬಹುತೇಕ ಅಭಿಮಾನಿಗಳ ಮನಸ್ಸು ವಾಪಸ್ ಕೇಳಲು ಒಪ್ಪುವುದಿಲ್ಲ. ಕೇಳಿದರೆ ನಂಬಿಕೆ ಕಳೆದುಕೊಂಡಂತೆ ಅನಿಸುತ್ತದೆ. ಪೂರ್ತಿ ರದ್ದಾದಾಗ ಟಿಕೆಟ್‌ಮಾಸ್ಟರ್ ಮೂಲಕ ಕೊಂಡವರಿಗೆ ಹಣ ತಾನಾಗಿಯೇ ಮರಳುವುದೆಂದೂ ಬೇರೆಡೆ ಕೊಂಡವರು ಮಾರಿದವರನ್ನೇ ಕೇಳಬೇಕೆಂದೂ ತಂಡ ತಿಳಿಸಿತು. ವಿಐಪಿ ಪ್ಯಾಕೇಜಿಗೂ ಮರುಪಾವತಿ ಇತ್ತು.

ಮರಳುವುದು ಟಿಕೆಟ್ಟಿನ ಹಣ ಮಾತ್ರ. ಹೊಟೇಲ್, ವಿಮಾನ, ಹಾಕಿದ ರಜೆ ಎಲ್ಲ ಕೈಬಿಟ್ಟ ಲೆಕ್ಕ. ಹಣ ಹೋಗುವುದು ಮೊದಲು ಪಾವತಿಸಿದ ಖಾತೆಗೆ. ಗೆಳೆಯರಿಂದ ವರ್ಗಾಯಿಸಿಕೊಂಡ ಟಿಕೆಟ್ ಆದರೆ ಗೆಳೆಯರ ಖಾತೆಗೆ. ನಡುವೆ ಕಾರ್ಡ್ ಬದಲಾಗಿದ್ದರೆ ಬ್ಯಾಂಕಿನಲ್ಲಿ ಒಂದಿಷ್ಟು ಓಡಾಟ. ವಯಸ್ಸಾದ ತಂಡಕ್ಕೆ ಟಿಕೆಟ್ ಕೊಳ್ಳುವವರು ಪಾಲಿಸಬೇಕಾದದ್ದು ಮೂರೇ: ನೇರ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ, ರದ್ದು ಮಾಡಬಹುದಾದ ಕೋಣೆಯನ್ನೇ ಹಿಡಿಯಿರಿ, ಕ್ರೆಡಿಟ್ ಕಾರ್ಡ್‌ನಲ್ಲಿ ಪಾವತಿಸಿ. ಇದರಲ್ಲಿ ಅಪನಂಬಿಕೆ ಏನೂ ಇಲ್ಲ. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಬಂದಿದ್ದ ರೋಲಿಂಗ್ ಸ್ಟೋನ್ಸ್ ತಂಡ ಕೂಡ 2019ರಲ್ಲಿ ಗಾಯಕ ಮಿಕ್ ಜಾಗರ್ ಅವರ ಹೃದಯದ ಕವಾಟದ ಚಿಕಿತ್ಸೆಗಾಗಿ ಎರಡು ತಿಂಗಳಿಗೂ ಹೆಚ್ಚು ಕಾಲ ತಿರುಗಾಟ ಮುಂದೂಡಿತ್ತು; ಅವರು ಜೂನ್‌ನಲ್ಲಿ ಷಿಕಾಗೋ ವೇದಿಕೆಗೆ ಮರಳಿದರು. ಕವಾಟ ಬದಲಾಯಿಸಬಹುದು. ಧ್ವನಿತಂತುವಿಗೆ ಆ ಸೌಲಭ್ಯ ಇನ್ನೂ ಬಂದಿಲ್ಲ.

‘ಹಾಡಿದರಲ್ಲ, ಹಾಗಾದರೆ ಟೂರ್ ಯಾಕಿಲ್ಲ?’

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಬ್ಲ್ಯಾಕ್ ಸಬಾತ್ ತಂಡದ ಕೊನೆಯ ಕಾರ್ಯಕ್ರಮ. ಅತಿಥಿಯಾಗಿ ಬಂದ ಟೈಲರ್, 77ರ ವಯಸ್ಸಿನಲ್ಲಿ, ಮೂರು ಹಾಡು ಹಾಡಿದರು, ಎತ್ತರದ ಕೂಗೂ ಇತ್ತು. ಸೆಪ್ಟೆಂಬರ್‌ನ ಎಂಟಿವಿ ಸಮಾರಂಭದಲ್ಲಿ ಪೆರ್ರಿ ಜತೆ ಮತ್ತೆ ಕಾಣಿಸಿಕೊಂಡರು. ನವೆಂಬರ್‌ನಲ್ಲಿ ಇಂಗ್ಲೆಂಡಿನ ಯುವ ಗಾಯಕ ಯಂಗ್‌ಬ್ಲಡ್ ಜತೆ ಏರೋಸ್ಮಿತ್‌ನ ಹೊಸ ಇಪಿ (ಕೆಲವೇ ಹಾಡುಗಳ ಕಿರು ಆಲ್ಬಂ) ಹೊರಬಂತು. 2012ರ ನಂತರ ತಂಡದ ಮೊದಲ ಹೊಸ ಸಂಗೀತ ಅದು. ಆಗ ಎಲ್ಲ ಕಡೆ ಕೇಳಿಬಂದ ಪ್ರಶ್ನೆ ಒಂದೇ. ಕೇಳಿದವರ ಮಾತಿನಲ್ಲಿ ಪ್ರೀತಿಯೂ ಇತ್ತು, ಸ್ವಲ್ಪ ನೋವೂ ಇತ್ತು.

ಉತ್ತರ ಮೇಲಿನ ಲೆಕ್ಕದಲ್ಲೇ ಇದೆ. ಮೂರು ಹಾಡು ಎಂದರೆ ಏಳೆಂಟು ನಿಮಿಷದ ಧ್ವನಿ, ಆಮೇಲೆ ಬೇಕಾದರೆ ತಿಂಗಳುಗಟ್ಟಲೆ ವಿಶ್ರಾಂತಿ. ಕಲೆ ಉಳಿದ ಮಡಿಕೆ ಬಿಸಿಯಾದ ಮೇಲೆ ಅಷ್ಟನ್ನು ತಡೆಯುತ್ತದೆ. ಬಾವು ಏಳುವುದು ಅನಂತರ. ಒಂದೇ ಸಂಜೆಯಾದರೆ ಆ ಬಾವಿನಿಂದ ಯಾರಿಗೂ ತೊಂದರೆಯಿಲ್ಲ. ಮೂರನೆಯ ದಿನ ಮತ್ತೆ ವೇದಿಕೆ ಏರಬೇಕಾದರೆ ಬಾವಿನ ಮೇಲೆಯೇ ಬಡಿತ ಬೀಳುತ್ತದೆ, ರಕ್ತನಾಳ ಒಡೆಯುವ ಅಪಾಯ ಆಗ ಹೆಚ್ಚು. ಸ್ಟುಡಿಯೋದಲ್ಲಂತೂ ಒಂದು ಸಾಲು ಹಾಡಿ ನೀರು ಕುಡಿದು ನಾಳೆ ಮುಂದಿನ ಸಾಲು ಹಾಡಬಹುದು. ಹಾಡುವ ಶಕ್ತಿ, ತಿರುಗಾಟದ ಶಕ್ತಿ ಎಂದು ಎರಡಿವೆ. ಆಗಸ್ಟ್ 2ರ ಪ್ರಕಟಣೆ ಕೈಬಿಟ್ಟದ್ದು ಎರಡನೆಯದನ್ನು ಮಾತ್ರ.

ಅದೇ ವಿಲ್ಲಾ ಪಾರ್ಕ್ ಸಂಜೆ ಇನ್ನೊಂದು ಮಾದರಿಯನ್ನೂ ಕಣ್ಣಮುಂದೆ ಇಟ್ಟಿತು. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗದ ಸಬಾತ್ ಗಾಯಕ ಆಝಿ ಆಸ್ಬೋರ್ನ್ ಸಿಂಹಾಸನದ ಮೇಲೆ ಕುಳಿತು ತಮ್ಮ ಸ್ವಂತದ ಐದು ಹಾಡು, ಆಮೇಲೆ ಸಬಾತ್ ತಂಡದ ಜತೆ ನಾಲ್ಕು ಹಾಡು ಹಾಡಿದರು. ಉಳಿದ ಇಡೀ ದಿನವನ್ನು ಬೇರೆ ತಂಡಗಳು ತುಂಬಿದವು. ಸ್ವಂತ ಊರು, ಒಂದೇ ದಿನ, ಒಂಬತ್ತೇ ಹಾಡು. ಹದಿನೇಳು ದಿನಕ್ಕೆ ಅವರು ತೀರಿಕೊಂಡರು. ಅಷ್ಟು ಬಲಹೀನ ದೇಹದಿಂದಲೂ ಆ ವಿದಾಯ ಪೂರ್ತಿಯಾಯಿತು, ಏಕೆಂದರೆ ದೇಹಕ್ಕೆ ತಕ್ಕಂತೆ ಅದನ್ನು ಹೊಲಿದಿದ್ದರು. ನಮ್ಮಲ್ಲಿ ಎಸ್. ಜಾನಕಿ ಅವರು 2017ರ ಅಕ್ಟೋಬರ್‌ನಲ್ಲಿ, 79ರ ವಯಸ್ಸಿನಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಒಂದೇ ಸಂಜೆ ಹಾಡಿ ವೇದಿಕೆಗೆ ವಿದಾಯ ಹೇಳಿದ್ದೂ ಇದೇ ಅಳತೆಯದ್ದು.

ಏರೋಸ್ಮಿತ್ ಮುಂದೆಂದಾದರೂ ಬಾಸ್ಟನ್‌ನಲ್ಲಿ ಹೀಗೊಂದು ಸಂಜೆ ಇಟ್ಟುಕೊಂಡರೆ ಅಳತೆ ಹೀಗಿರಬೇಕು. ಟೈಲರ್‌ಗೆ ಐದರಿಂದ ಏಳು ಹಾಡು, ಎರಡಕ್ಕಿಂತ ಹೆಚ್ಚು ಒಟ್ಟಿಗಿಲ್ಲ, ಎಲ್ಲವೂ ಅರ್ಧ ಅಥವಾ ಒಂದು ಸ್ವರ ಕೆಳಗೆ. ಉಳಿದವಕ್ಕೆ ಅತಿಥಿ ಗಾಯಕರು, ಪೆರ್ರಿಯ ಬ್ಲೂಸ್, ಸಾಧ್ಯವಾದರೆ ಒಂದು ಹಾಡಿಗಾದರೂ ಡ್ರಮ್ಸ್ ಹಿಂದೆ ಕ್ರೇಮರ್. ಪೂರ್ಣ ತಾಲೀಮು ಹತ್ತು ದಿನ ಮೊದಲೇ ಮುಗಿದು, ಮರುದಿನದ ಪರೀಕ್ಷೆ ಸ್ವಚ್ಛ ಬಂದ ಮೇಲೆ ಗಾಯಕ ಕಾರ್ಯಕ್ರಮದ ದಿನದವರೆಗೆ ಮೌನ. ಒಂದು ವಾರ ಮುಂದಿನ ಇನ್ನೊಂದು ದಿನಕ್ಕೂ ಅದೇ ಜಾಗವನ್ನು ಮೊದಲೇ ಕಾದಿರಿಸಿಡಬೇಕು, ಅದನ್ನು ಟಿಕೆಟ್ ಮಾರುವ ದಿನವೇ ಹೇಳಬೇಕು. ಟೈಲರ್ ಎಷ್ಟು ಹಾಡು ಹಾಡುತ್ತಾರೆ, ಉಳಿದವನ್ನು ಯಾರು ಹಾಡುತ್ತಾರೆ ಎಂಬುದನ್ನೂ ಆ ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಬೇಕು.